ಹಿಮದ ನಾಯಿಗಳ ಪಾಠ ಮಾಡಿದ ನಾಗಲಿಂಗಮ್ಮ

ಕಾರೆಗುಡ್ಡದಲ್ಲಿ ನಾಗಲಿಂಗಮ್ಮನಿಗೆ ಸಿಟ್ಟಿನ ಟೀಚರಮ್ಮ ಎಂದೇ ಹೆಸರು. ಹಾಗೆಂದು ಅವಳು ಮಕ್ಕಳ ಮೇಲೆ ಕೈ ಎತ್ತಿದ್ದನ್ನು ಊರಿನಲ್ಲಿ ಯಾರೂ ಕಂಡಿರಲಿಲ್ಲ. ಅವಳ ಸಿಟ್ಟೆಲ್ಲ ದೊಡ್ಡವರ ಮೇಲೆ. ಪಾಠದ ಹೊತ್ತಿನಲ್ಲಿ ಹೆಣ್ಣುಮಕ್ಕಳನ್ನು ಬೋರಿನ ನೀರಿಗೆ ಕಳಿಸುತ್ತಿದ್ದ ಹೆಡ್‌ಮಾಸ್ತರ ಮೇಲೆ, ಶೇಂಗಾ ಬಿಡಿಸಲು ಮಕ್ಕಳನ್ನು ಹೊಲಕ್ಕೆ ಎಳೆದೊಯ್ಯುವ ಅಪ್ಪಂದಿರ ಮೇಲೆ, ಕೈ ಅಡ್ಡ ಹಿಡಿದರೂ ನಿಲ್ಲಿಸದೆ ಧೂಳೆಬ್ಬಿಸಿ ಹೋಗುವ ಬಸ್ಸಿನವನ ಮೇಲೆ. ನೋಡಲು ಬಂದ ವರ ‘ನೌಕರಿ ಬಿಡಬೇಕಾಗ್ತದ’ ಎಂದಾಗ, ಅವನ ಕೈಯಲ್ಲಿದ್ದ ಚಹಾದ ಬಟ್ಟಲನ್ನು ಇಸಿದುಕೊಂಡು ಬಾಗಿಲು ತೋರಿಸಿದವಳು ಅವಳು. ಆಮೇಲೆ ಇನ್ನೊಬ್ಬ ವರ ಬರಲಿಲ್ಲ, ಅವಳೂ ಕಾಯಲಿಲ್ಲ. ಈ ಕಥೆ ನಡೆದ ಎರಡು ಸಾವಿರದ ಮೂರನೇ ಇಸವಿಯಲ್ಲಿ ಅವಳಿಗೆ ಮೂವತ್ತಾರು ವರ್ಷ.

ಅವಳ ತವರು ಕೊಟ್ಟೂರು. ಅಪ್ಪ ಜಂಬಣ್ಣನದು ಬಸ್‌ಸ್ಟ್ಯಾಂಡಿನ ಎದುರು ಮಂಡಕ್ಕಿ ಮಿರ್ಚಿಯ ಅಂಗಡಿ. ಶನಿವಾರ ಮಧ್ಯಾಹ್ನ ಊರಿಗೆ ಬಂದರೆ ಅವಳು ಮೊದಲು ಕೂರುವುದು ಆ ಅಂಗಡಿಯ ಹಿಂದಿನ ರದ್ದಿ ಕಾಗದದ ರಾಶಿಯ ಮುಂದೆ. ಮಿರ್ಚಿ ಕಟ್ಟಲು ಬೆಂಗಳೂರಿನಿಂದ ಬರುತ್ತಿದ್ದ ಆ ಕಟ್ಟುಗಳಲ್ಲಿ ಏನೇನೋ ಇರುತ್ತಿತ್ತು. ಜನವರಿಯ ಒಂದು ಶನಿವಾರ ಅದರಲ್ಲಿ ಮಕ್ಕಳಿಗಾಗಿ ಅಚ್ಚಾದ ಒಂದು ಇಂಗ್ಲಿಷ್ ಪತ್ರಿಕೆ ಸಿಕ್ಕಿತು. ನಡುವಿನ ನಾಲ್ಕು ಪುಟಗಳ ತುಂಬ ನಾಯಿಗಳು. ಹಿಮದ ಮೇಲೆ ಜೋಡಿಜೋಡಿಯಾಗಿ ಕಟ್ಟಿದ ನಾಯಿಗಳು, ಹಿಂದೆ ಗಾಲಿಯಿಲ್ಲದ ಬಂಡಿ, ಬಂಡಿಯ ಮೇಲೆ ನಿಂತ ಒಬ್ಬ ಮನುಷ್ಯ. ಅಲಾಸ್ಕಾ ಎಂಬ ನಾಡಿನಲ್ಲಿ ವರ್ಷವರ್ಷ ನಡೆಯುವ ದೂರದ ಓಟ. ಅದನ್ನು ಇಟ್ಟುಕೊಂಡು ತರಗತಿಯಲ್ಲಿ ಏನೇನು ಮಾಡಿಸಬಹುದು ಎಂದು ಮೇಷ್ಟರುಗಳಿಗೆ ಬರೆದಿತ್ತು. ನಕ್ಷೆ ಬರೆಸಿ, ಮಕ್ಕಳ ಗುಂಪಿಗೊಂದು ಬಂಡಿ ಕೊಡಿ, ದಿನದಿನದ ದೂರವನ್ನು ಅಳೆಸಿ, ಹೀಗೆ.

ಎರಡು ಭಾನುವಾರ ಡಿಕ್ಷನರಿ ಹಿಡಿದು ಕೂತು ಅಷ್ಟನ್ನೂ ಅವಳು ಕನ್ನಡಕ್ಕೆ ಇಳಿಸಿದಳು. ನಾಲ್ಕನೇ ತರಗತಿಯ ಮಕ್ಕಳಿಗೆ ಕಿಲೋಮೀಟರಿನ ಲೆಕ್ಕ ತಲೆಗೆ ಹೋಗುತ್ತಿರಲಿಲ್ಲ, ಭೂಪಟವೆಂದರೆ ಬಣ್ಣದ ಹಾಳೆ ಎಂದಷ್ಟೇ ತಿಳಿದಿದ್ದರು. ಇದರಿಂದಲಾದರೂ ನೋಡೋಣ ಎಂದುಕೊಂಡಳು.

ಗೋಡೆಯ ಮೇಲೆ ಸುಣ್ಣದಲ್ಲಿ ದೊಡ್ಡ ನಕ್ಷೆ ಎದ್ದಿತು. ಓಟದ ದಾರಿ, ದಾರಿಯಲ್ಲಿನ ತಂಗುದಾಣಗಳು, ಕೊನೆಗೆ ಸಮುದ್ರದ ದಂಡೆಯ ನೋಮ್ ಎಂಬ ಊರು.

“ಗಾಲಿ ಇಲ್ಲದ್ದು ಹೆಂಗ ಓಡ್ತೈತ್ರಿ ಟೀಚರ್?” ಎಂದು ಒಬ್ಬ ಕೇಳಿದ.

“ನಮ್ಮ ಹೊಲದ ಕುಂಟಿಗೆ ಗಾಲಿ ಐತೇನಲೇ? ಎತ್ತು ಎಳೀತಾವಲ್ಲ, ಹಂಗ ನಾಯಿ ಎಳೀತಾವ,” ಎಂದು ಮಾಲಾ ಅವನ ಬಾಯಿ ಮುಚ್ಚಿಸಿದಳು. ಮಾಲಾ ಕೂಲಿ ಮಾಡುವ ಗಾದೆಮ್ಮನ ಮಗಳು. ಒಂಬತ್ತು ವರ್ಷ, ತರಗತಿಯಲ್ಲಿ ಎಲ್ಲರಿಗಿಂತ ಚುರುಕು.

ಸಾವಿರದ ಆರುನೂರು ಕಿಲೋಮೀಟರು ಎಂದರೆ ಎಷ್ಟು ಎಂದು ಅಳೆಯಲು ಅವರು ಕೊಟ್ಟೂರಿನ ದಾರಿಯನ್ನು ತೆಗೆದುಕೊಂಡರು. ಕಾರೆಗುಡ್ಡದಿಂದ ಕೊಟ್ಟೂರಿಗೆ ಹದಿನಾರು ಕಿಲೋಮೀಟರು. ಹೋಗಿ ಬರುವುದು ಮೂವತ್ತೆರಡು. ಹಾಗಾದರೆ ಐವತ್ತು ಸಲ ಹೋಗಿ ಬರಬೇಕು ಎಂದು ತಾವೇ ಕಂಡುಹಿಡಿದಾಗ ಮಕ್ಕಳು ಬೆಂಚು ಕುಟ್ಟಿ ಕೂಗಿದರು. ನಾಲ್ಕು ಗುಂಪು, ನಾಲ್ಕು ಬಂಡಿ. ಗುಂಪಿನ ಎಲ್ಲರೂ ಶಾಲೆಗೆ ಬಂದರೆ ಬಂಡಿ ಇಪ್ಪತ್ತು ಕಿಲೋಮೀಟರು ಮುಂದಕ್ಕೆ, ಲೆಕ್ಕ ಸರಿಯಾದರೆ ಇನ್ನೂ ಹತ್ತು. ಯಾರಾದರೂ ತಪ್ಪಿಸಿಕೊಂಡರೆ ಅವತ್ತು ಬಂಡಿ ಹಿಮದಲ್ಲಿ ಹೂತುಹೋದಂತೆ. ಹದಿನೈದು ದಿನದಲ್ಲಿ ಹಾಜರಿ ಪುಸ್ತಕ ತುಂಬಿತು. ಶೇಂಗಾದ ಹೊಲಕ್ಕೆ ಕರೆದ ಅಪ್ಪನಿಗೆ ಒಬ್ಬಳು, “ನಾ ಬಂದ್ರ ನಮ್ಮ ನಾಯಿ ನಿಂತು ಬಿಡ್ತಾವ, ನಾ ಒಲ್ಲೆ,” ಎಂದು ಹೇಳಿ ಓಡಿ ಬಂದಿದ್ದಳು.

ಹಿಮದಲ್ಲಿ ಪಾದ ಒಡೆಯದಿರಲೆಂದು ನಾಯಿಗಳಿಗೆ ಬಟ್ಟೆಯ ಚೀಲ ತೊಡಿಸುತ್ತಾರೆ ಎಂದು ಗೊತ್ತಾದ ಮೇಲೆ ಮಕ್ಕಳು ಟೇಲರ್ ಅಂಗಡಿಯ ಚಿಂದಿಯಿಂದ ಚೀಲ ಹೊಲಿದರು. ಬಿಸಿಯೂಟದ ಅನ್ನಕ್ಕಾಗಿ ಶಾಲೆಯ ಅಂಗಳದಲ್ಲಿ ಬಿದ್ದಿರುತ್ತಿದ್ದ ಐದಾರು ಬೀದಿನಾಯಿಗಳ ಕಾಲಿಗೆ ಅದನ್ನು ಕಟ್ಟಿದರು. ನಾಯಿಗಳು ಒಂದೇ ನಿಮಿಷದಲ್ಲಿ ಹಲ್ಲಿನಿಂದ ಎಳೆದು ಬಿಸಾಕಿದವು. ನಾಗಲಿಂಗಮ್ಮ ಹಾಗೆ ನಕ್ಕಿದ್ದನ್ನು ಹೆಡ್‌ಮಾಸ್ತರ್ ಗುರುಸಂಗಪ್ಪ ಅದೇ ಮೊದಲು ನೋಡಿದ್ದು.

ಒಂದು ದಿನ ಅವಳು ಪತ್ರಿಕೆಯಲ್ಲಿದ್ದ ಹಳೆಯ ಘಟನೆಯೊಂದನ್ನು ಹೇಳಿದಳು. ಎಪ್ಪತ್ತೆಂಟು ವರ್ಷದ ಹಿಂದೆ ಆ ನೋಮ್ ಊರಿನ ಮಕ್ಕಳಿಗೆ ಗಂಟಲಮಾರಿ ಬಂತು. ಔಷಧ ಇದ್ದದ್ದು ನೂರಾರು ಮೈಲಿ ಆಚೆ. ಹಡಗಿಲ್ಲ, ವಿಮಾನವಿಲ್ಲ. ಇಪ್ಪತ್ತು ಜನ ಬಂಡಿಯವರು ಒಬ್ಬರ ಕೈಯಿಂದ ಒಬ್ಬರಿಗೆ ದಾಟಿಸುತ್ತ, ಐದೂವರೆ ದಿನದಲ್ಲಿ ನಾಯಿಗಳ ಕಾಲಬಲದ ಮೇಲೆ ಅದನ್ನು ಮುಟ್ಟಿಸಿದರು. ಈಗಲೂ ಓಟದ ತಂಗುದಾಣಗಳಲ್ಲಿ ನಾಯಿಗಳನ್ನು ನೋಡಲು ಡಾಕ್ಟರು ಇರುತ್ತಾರೆ.

“ನಾಯಿಗೆ ಡಾಕ್ಟ್ರು?” ಮಾಲಾ ಕಣ್ಣರಳಿಸಿದಳು. “ನಮ್ಮೂರಾಗ ಮನುಷ್ಯಾರಿಗೇ ಇಲ್ಲಲ್ರಿ ಟೀಚರ್.”

“ಇರಬೇಕವ್ವ. ಇಲ್ಲದಿದ್ರ ಕೇಳಬೇಕು,” ಎಂದಳು ನಾಗಲಿಂಗಮ್ಮ.

ಅದಾಗಿ ಒಂದು ವಾರಕ್ಕೆ, ಫೆಬ್ರವರಿಯ ಒಂದು ಬೆಳಿಗ್ಗೆ ಹನ್ನೊಂದರ ಬಿಡುವಿನಲ್ಲಿ, ಗುಡ್ಡದ ಕಡೆಯಿಂದ ಒಂದು ಹುಚ್ಚುನಾಯಿ ಇಳಿದು ಬಂತು. ಊರಿನದಲ್ಲ. ಬಾಯಿಂದ ಜೊಲ್ಲು ಸುರಿಯುತ್ತಿತ್ತು, ನಡಿಗೆ ಓಲಾಡುತ್ತಿತ್ತು. ಬೋರಿನ ಹತ್ತಿರ ನಿಂತಿದ್ದ ಮಾಲಾಳ ಮೀನಖಂಡಕ್ಕೆ ಬಾಯಿ ಹಾಕಿ, ಎಳೆದಾಡಿ ಬಿಟ್ಟಿತು. ಕೂಗು ಕೇಳಿ ಓಡಿ ಬಂದ ಗಂಡಸರು ಅದನ್ನು ಬಡಿದು ಕೊಂದರು.

“ಸುಣ್ಣ ಹಚ್ರಿ!” “ಖಾರದಪುಡಿ ತರ್ರಿ!” ಎಂದು ಗುಂಪು ಗದ್ದಲವೆಬ್ಬಿಸಿತು. ನಾಗಲಿಂಗಮ್ಮ ಎಲ್ಲರನ್ನೂ ಮೊಣಕೈಯಿಂದ ತಳ್ಳಿ ಮಗುವನ್ನು ಬೋರಿನ ಕೆಳಗೆ ಕೂರಿಸಿದಳು. ಒಬ್ಬನಿಗೆ ಹ್ಯಾಂಡಲ್ ಹೊಡೆಯಲು ಹೇಳಿ, ಸಾಬೂನು ತರಿಸಿ, ಗಾಯವನ್ನು ಕಾಲು ಗಂಟೆ ತೊಳೆದಳು. ಮಾಲಾ ಕಿರುಚಿದಳು. ಗಾದೆಮ್ಮ ಹೊಲದಿಂದ ಎದೆ ಬಡಿದುಕೊಳ್ಳುತ್ತ ಬಂದಳು.

“ಯವ್ವಾ, ಬೇರು ಕೊಡಾವ್ರು ಅದಾರ, ಹಾಲಾಗ ಅರದು ಕುಡಿಸ್ತಾರ, ಅಲ್ಲಿಗೆ ಒಯ್ತೀನಿ.”

“ಬೇರು ಬ್ಯಾಡ ಗಾದೆಮ್ಮ. ಕೂಸು ಸಾಯ್ತಾಳ. ಸೂಜಿ ಹಾಕಿಸಬೇಕು, ಇವತ್ತ ಹಾಕಿಸಬೇಕು. ಎತ್ತಿಕೋ.”

ಹಿರೇಮಾಳದ ಆಸ್ಪತ್ರೆ ಏಳು ಕಿಲೋಮೀಟರು. ಒಬ್ಬನ ಕೈಕಾಲು ಹಿಡಿದು, ಅವನ ಟ್ರ್ಯಾಕ್ಟರ್ ಹತ್ತಿ ಮುಟ್ಟಿದಾಗ ಮಧ್ಯಾಹ್ನ ಎರಡು. ಡಾಕ್ಟರ ಕೋಣೆಗೆ ಬೀಗ. ಒಳಗಿನ ಕೋಣೆಯಲ್ಲಿ ಟಿವಿ ಕೂಗುತ್ತಿತ್ತು. ವಿಶ್ವಕಪ್ ಕ್ರಿಕೆಟ್ಟಿನ ದಿನಗಳು. ಅವತ್ತು ಭಾರತದ ಆಟವೂ ಇರಲಿಲ್ಲ, ಬೇರೆ ಯಾವುದೋ ಎರಡು ದೇಶಗಳದು. ಕಂಪೌಂಡರ್ ಕುರ್ಚಿಯ ಮೇಲೆ ಕಾಲು ಚಾಚಿ ನೋಡುತ್ತಿದ್ದ.

“ನಾಯಿ ಕಡಿತದ ಔಷಧ ಇಲ್ಲ,” ಎಂದ, ತಿರುಗದೆ.

“ಹೊರಗ ಗೋಡೆ ಮ್ಯಾಲೆ ಬರದೀರಲ್ರಿ, ಸ್ಟಾಕ್ ಐತಿ ಅಂತ?”

“ಐತಿ, ಆದ್ರ ಕೆಟ್ಟೈತಿ.”

ನಾಗಲಿಂಗಮ್ಮ ಮೂಲೆಯಲ್ಲಿದ್ದ ಫ್ರಿಜ್ಜಿನ ಬಾಗಿಲು ತೆರೆದಳು. ಒಳಗಿನಿಂದ ಬಿಸಿಗಾಳಿ ಮುಖಕ್ಕೆ ಬಡಿಯಿತು. ಔಷಧದ ಸೀಸೆಗಳು ಸಾಲಾಗಿ ಕೂತಿದ್ದವು, ಬೆಚ್ಚಗೆ. ಅವಳು ಫ್ರಿಜ್ಜಿನ ವೈರನ್ನು ಕಣ್ಣಲ್ಲೇ ಹಿಂಬಾಲಿಸಿದಳು. ಅದು ನೆಲದ ಮೇಲೆ ಸುರುಳಿ ಸುತ್ತಿ ಬಿದ್ದಿತ್ತು. ಗೋಡೆಯಲ್ಲಿದ್ದ ಒಂದೇ ಒಂದು ಪ್ಲಗ್ಗಿನಲ್ಲಿ ಟಿವಿಯ ವೈರು ಚುಚ್ಚಿತ್ತು.

“ಎಷ್ಟು ದಿನಾತು ಇದನ್ನ ಕಿತ್ತು?”

ವಿಶ್ವಕಪ್ ಶುರುವಾದಂದಿನಿಂದ ಎಂದು ಹೊರಗಿದ್ದ ಆಯಾ ಮೆಲ್ಲಗೆ ಹೇಳಿದಳು.

ನಾಗಲಿಂಗಮ್ಮ ಟಿವಿಯ ವೈರನ್ನು ಹಿಡಿದು ಒಂದೇ ಎಳೆತಕ್ಕೆ ಕಿತ್ತಳು. “ಏಯ್!” ಎಂದು ಅವನು ಎದ್ದ.

“ಏನೋ ಏಯ್? ಕೂಸಿನ ಕಾಲು ನೋಡು. ತಿರುಗಿ ನೋಡಲೇ, ಇಲ್ಲೆ! ನೀ ಆಟ ನೋಡಾಕ ನಮ್ಮ ಮಕ್ಕಳ ಔಷಧ ಬೇಯಿಸೀಯಲ್ಲ, ನಿನ್ನ ಮಗಳಾಗಿದ್ರ ಬೇಯಿಸ್ತಿದ್ದೇನು?” ಇನ್ನು ಒಂದು ಕ್ಷಣ ಅಲ್ಲಿ ನಿಂತಿದ್ದರೆ ಆ ಟಿವಿಯನ್ನು ಎತ್ತಿ ಹೊರಗೆ ಒಗೆಯುತ್ತಿದ್ದಳು. ಆದರೆ ಮಗು ಗಾದೆಮ್ಮನ ಹೆಗಲ ಮೇಲೆ ನೋವಿನಿಂದ ಮುಲುಗುತ್ತಿತ್ತು. ನಿಲ್ಲಲು ಹೊತ್ತಿರಲಿಲ್ಲ.

ಕೊಟ್ಟೂರಿನಲ್ಲಿ ವಿಚಾರಿಸಿದಾಗ ಔಷಧ ಹರಪನಹಳ್ಳಿಯ ದೊಡ್ಡಾಸ್ಪತ್ರೆಯಲ್ಲಿದೆ ಎಂದು ಗೊತ್ತಾಯಿತು. ಸಂಜೆ ಆರಕ್ಕೆ ಅಲ್ಲಿ ಮುಟ್ಟಿದರು. ನರ್ಸ್ ಜಂಬಕ್ಕ ವಯಸ್ಸಾದವಳು, ಮಾತು ಕಮ್ಮಿ. ಗಾಯ ನೋಡಿ, “ಯಾರು ತೊಳ್ದಿದ್ದು?” ಎಂದು ಕೇಳಿದಳು. “ನಾನು,” ಎಂದಳು ನಾಗಲಿಂಗಮ್ಮ. “ಒಳ್ಳೆ ಕೆಲಸ ಮಾಡಿದೀರ,” ಎಂದು ಹೊಕ್ಕಳ ಬದಿಗೆ ಮೊದಲ ಸೂಜಿ ಹಾಕಿದಳು. ದಿನಕ್ಕೊಂದರಂತೆ ಹದಿನಾಲ್ಕು ಹಾಕಬೇಕು. ಒಂದು ದಿನವೂ ತಪ್ಪುವಂತಿಲ್ಲ.

ಮೂರು ದಿನ ತಾಯಿ ಮಗಳು ಜಂಬಣ್ಣನ ಮನೆಯಲ್ಲೇ ಇದ್ದು ಹರಪನಹಳ್ಳಿಗೆ ಹೋಗಿ ಬಂದರು. ಮೂರನೇ ದಿನಕ್ಕೆ ಕಾಲು ಕುಂಬಳಕಾಯಿಯಷ್ಟು ಬಾತಿತು, ಬಸ್ಸಿನ ಕುಲುಕಾಟಕ್ಕೆ ಮಗು ಪ್ರಜ್ಞೆ ತಪ್ಪಿತು. ಗಾದೆಮ್ಮನ ಕಂಕುಳಲ್ಲಿ ಇನ್ನೊಂದು ಹಸುಗೂಸು, ಊರಿನಲ್ಲಿ ಹಾಸಿಗೆ ಹಿಡಿದ ಅತ್ತೆ. ಜಂಬಕ್ಕ ಯೋಚಿಸಿ, “ಮಗು ಮಲಗ್ಲಿ. ಊರಲ್ಲಿ ಸೂಜಿ ಹಾಕೋರು ಯಾರಾದ್ರೂ ಇದ್ರೆ ದಿನಾ ಒಂದು ಡೋಸ್ ಬರ್ಫದಲ್ಲಿಟ್ಟು ಕಳಿಸ್ತೀನಿ. ಹೆಚ್ಚು ಕೊಡೋಕೆ ನನಗೆ ಬರಲ್ಲ. ಬಿಸಿಲಿಗೆ ಬಿದ್ರೆ ಕೆಡ್ತದೆ, ನೆನಪಿರ್ಲಿ,” ಎಂದಳು. ಕಾರೆಗುಡ್ಡದ ಆರೋಗ್ಯ ಉಪಕೇಂದ್ರದಲ್ಲಿ ಸಿಸ್ಟರ್ ಪಂಪಮ್ಮ ಇದ್ದಳು. ಅವಳು ಹಾಕಲು ಒಪ್ಪಿದಳು.

ನಾಲ್ಕನೇ ದಿನದ ಡೋಸನ್ನು ತಾನೇ ತಂದು ಪಂಪಮ್ಮನಿಗೆ ಮುಟ್ಟಿಸಿ ನಾಗಲಿಂಗಮ್ಮ ಶಾಲೆಗೆ ಬಂದಾಗ ಊರು ಬೇರೆಯದೇ ಮಾತಾಡುತ್ತಿತ್ತು. ಟೀಚರಮ್ಮ ನಾಯಿ ಪಾಠ ಮಾಡಿದಳು, ನಾಯಿಗಳನ್ನು ಶಾಲೆಗೆ ಸೇರಿಸಿದಳು, ಅದಕ್ಕೇ ಹೀಗಾಯಿತು ಎಂದು. ಹಿಂದಿನ ದಿನ ಪಂಚಾಯ್ತಿಯ ಮೆಂಬರೊಬ್ಬ ವಿಷ ಹಾಕಿದ ಉಂಡೆಗಳನ್ನು ಎಸೆಸಿದ್ದ. ಬಟ್ಟೆಯ ಚೀಲ ಕಿತ್ತೆಸೆದಿದ್ದ ನಾಯಿಗಳಲ್ಲಿ ನಾಲ್ಕು ಬೋರಿನ ಬಳಿ ಕಾಲು ಸೆಟೆದು ಬಿದ್ದಿದ್ದವು. ಮಕ್ಕಳು ಸುತ್ತ ನಿಂತು ಅಳುತ್ತಿದ್ದರು. ಗುರುಸಂಗಪ್ಪ ಕೈಯಲ್ಲಿ ಸುಣ್ಣದ ಬಕೆಟ್ಟು ಹಿಡಿದು ತರಗತಿಯ ಬಾಗಿಲಲ್ಲಿ ನಿಂತಿದ್ದ.

“ಮೇಡಂ, ಆ ನಕ್ಷೆ ಅಳಿಸಿಬಿಡ್ರಿ. ಊರಾಗ ಜನ ಸಿಟ್ಟಾಗ್ಯಾರ.”

“ಜನ ಸಿಟ್ಟಾಗ್ಯಾರೇನ್ರಿ? ಯಾರ ಮ್ಯಾಲೆ? ಔಷಧ ಕೆಡಿಸಿದಾತನ ಮ್ಯಾಲೆ ಆಗ್ಯಾರೇನು? ಒಬ್ಬನಾದರೂ ಹಿರೇಮಾಳಕ್ಕೆ ಹೋಗಿ ಕೇಳ್ಯಾನೇನು? ಗೋಡೆ ಮ್ಯಾಲಿನ ಸುಣ್ಣದ ಮ್ಯಾಲೆ ಸಿಟ್ಟು, ಅನ್ನ ತಿನ್ನಾಕ ಬಂದ ನಾಯಿ ಮ್ಯಾಲೆ ಸಿಟ್ಟು! ಆ ಬಕೆಟ್ ಕೆಳಗಿಡ್ರಿ ಸರ್. ನನ್ನ ಕ್ಲಾಸಿನ ಗೋಡೆ ಮುಟ್ಟಬ್ಯಾಡ್ರಿ.”

ಗುರುಸಂಗಪ್ಪ ಬಕೆಟ್ಟು ಕೆಳಗಿಟ್ಟ. ಅವನು ಕೆಟ್ಟವನಲ್ಲ, ಹೆದರುಪುಕ್ಕಲ. ಇನ್ನಾರು ವರ್ಷ ನೌಕರಿ ಉಳಿದಿತ್ತು.

ಅವತ್ತು ನಾಲ್ಕನೇ ತರಗತಿ ಹಿಮದ ದಾರಿಯ ಪಕ್ಕದಲ್ಲಿ ಇನ್ನೊಂದು ದಾರಿ ಬರೆಯಿತು. ಹರಪನಹಳ್ಳಿ, ಕೊಟ್ಟೂರು, ಕ್ರಾಸ್, ಕಾರೆಗುಡ್ಡ. ಎಲ್ಲಿಂದ ಎಲ್ಲಿಗೆ ಎಷ್ಟು ದೂರ, ಬಸ್ಸು ಎಷ್ಟು ಗಂಟೆಗೆ, ಬರ್ಫ ಎಷ್ಟು ಹೊತ್ತು ತಡೆಯುತ್ತದೆ ಎಂದು ಮಕ್ಕಳೇ ಲೆಕ್ಕ ಹಾಕಿದರು. ಬರ್ಫವನ್ನು ಫ್ಲಾಸ್ಕಿನಲ್ಲಿಟ್ಟು ಗಡಿಯಾರ ನೋಡುತ್ತ ಕೂತರು. ಕೊಟ್ಟೂರಿನಲ್ಲಿ ಬರ್ಫ ಬದಲಿಸದಿದ್ದರೆ ಆಗುವುದಿಲ್ಲ ಎಂದು ತೀರ್ಮಾನ ಬಂತು.

ಹಾಗೇ ನಡೆಯಿತು. ಬೆಳಿಗ್ಗೆ ಒಂಬತ್ತರ ಬಸ್ಸಿನ ಕಂಡಕ್ಟರ್ ಹುಲುಗೇಶ ಹರಪನಹಳ್ಳಿಯಲ್ಲಿ ಫ್ಲಾಸ್ಕು ಇಸಿದುಕೊಳ್ಳುವನು. ಕೊಟ್ಟೂರಿನಲ್ಲಿ ಜಂಬಣ್ಣ ಮಿರ್ಚಿಯ ಬಾಣಲೆ ಇಳಿಸಿಟ್ಟು, ಐಸ್‌ಕ್ಯಾಂಡಿಯವನಿಂದ ತಂದ ಬರ್ಫ ತುಂಬಿ, ಟೆಂಪೊ ಹತ್ತಿಸುವನು. ಕ್ರಾಸಿನಲ್ಲಿ ಗಾದೆಮ್ಮನ ತಮ್ಮ ದುರುಗಣ್ಣ ಸೈಕಲ್ ಹಿಡಿದು ಕಾದಿರುವನು. ಹನ್ನೆರಡರ ಒಳಗೆ ಪಂಪಮ್ಮ ಸೂಜಿ ಹಾಕಿ ಮುಗಿಸುವಳು. ಒಂದೊಂದು ಸೂಜಿಗೆ ಮಕ್ಕಳು ಗೋಡೆಯ ಮೇಲೆ ಒಂದೊಂದು ಗೆರೆ ಎಳೆಯುವರು. ಮೊದಲು ದೂರ ನಿಂತಿದ್ದ ಊರಿನವರಲ್ಲಿ ಕೆಲವರು ಬಂದು ಆ ಗೆರೆ ಎಣಿಸಿ ಹೋಗತೊಡಗಿದರು.

ಹನ್ನೊಂದನೇ ಸೂಜಿಯ ದಿನ ಹನ್ನೊಂದೂವರೆಯಾದರೂ ದುರುಗಣ್ಣ ಬರಲಿಲ್ಲ. ಹನ್ನೆರಡಾಯಿತು. ಬಿಸಿಲು ಕಾದ ಹಂಚಿನಂತಾಗಿತ್ತು. ನಾಗಲಿಂಗಮ್ಮ ಗುರುಸಂಗಪ್ಪನ ಅನುಮತಿ ಪಡೆದು ಸೆರಗು ಸಿಕ್ಕಿಸಿ ಹೊರಟಳು. ಎರಡು ಕಿಲೋಮೀಟರು ಓಡಿದಂತೆ ನಡೆದ ಮೇಲೆ ದುರುಗಣ್ಣ ಎದುರಾದ. ಸೈಕಲ್ಲಿನ ಟಯರು ಹರಿದು, ಅದನ್ನು ಬೇಲಿಗೆ ಒರಗಿಸಿ, ಕುಂಟುತ್ತ ಬರುತ್ತಿದ್ದ. ಬಿದ್ದ ಏಟಿಗೆ ಮೊಣಕಾಲಿನಿಂದ ರಕ್ತ ಇಳಿಯುತ್ತಿತ್ತು. ಫ್ಲಾಸ್ಕನ್ನು ಮಾತ್ರ ಒದ್ದೆ ಟವೆಲ್ಲಿನಲ್ಲಿ ಸುತ್ತಿ ಎದೆಗವಚಿಕೊಂಡಿದ್ದ.

“ಒಡದಿಲ್ರಿ ಟೀಚರಮ್ಮ, ಒಡದಿಲ್ಲ,” ಎಂದ.

ಅವಳು ಅದನ್ನು ಇಸಿದುಕೊಂಡು ಬಂದ ದಾರಿಯಲ್ಲೇ ಓಡಿದಳು. ಚಪ್ಪಲಿಯ ಉಂಗುಷ್ಟ ಕಿತ್ತಿತು, ಬಿಸಾಕಿದಳು. ಪಂಪಮ್ಮನ ಕೈಗೆ ಕೊಟ್ಟಾಗ ಬರ್ಫದ ಚೂರುಗಳು ಇನ್ನೂ ಗಲಗಲ ಎನ್ನುತ್ತಿದ್ದವು.

ಶಾಲೆಗೆ ಮರಳಿದರೆ ಅಂಗಳದಲ್ಲಿ ಜೀಪು. ತಾಲ್ಲೂಕಿನಿಂದ ಸಾಹೇಬರೊಬ್ಬರು ತಪಾಸಣೆಗೆ ಬಂದಿದ್ದರು. ಟೀಚರಿಲ್ಲದ ತರಗತಿ, ಗೋಡೆಯ ತುಂಬ ಗುರುತಿಲ್ಲದ ದೇಶ. ಟೀಚರ್ ಎಲ್ಲಿ ಎಂದು ಕೇಳಿದ್ದಕ್ಕೆ ಮಕ್ಕಳು ಒಟ್ಟಿಗೆ, “ಔಷಧ ತರಾಕ ಹೋಗ್ಯಾರ್ರಿ!” ಎಂದಿದ್ದರು. ಗುರುಸಂಗಪ್ಪ ತಾನು ಅನುಮತಿ ಕೊಟ್ಟ ಮಾತನ್ನೇ ಎತ್ತಲಿಲ್ಲ. ನೆಲ ನೋಡುತ್ತ ನಿಂತಿದ್ದ.

ಸಾಹೇಬರು ಅವಳ ಬರಿಗಾಲು ನೋಡಿದರು, ಧೂಳು ನೋಡಿದರು.

“ಏನಮ್ಮ ಇದು? ಯಾವ ಪುಸ್ತಕದಲ್ಲಿದೆ ಈ ನಾಯಿ ಪಾಠ?”

“ಯಾವ ಪುಸ್ತಕದಾಗೂ ಇಲ್ರಿ. ಕಿಲೋಮೀಟರ್ ಕೇಳ್ರಿ, ದಿಕ್ಕು ಕೇಳ್ರಿ, ಭಾಗಾಕಾರ ಕೇಳ್ರಿ. ಹೇಳದಿದ್ರ ಆಮ್ಯಾಲೆ ಬೈರಿ.”

“ನಾನು ಕೇಳಬೇಕಾದ್ದು ನಿಮ್ಮನ್ನ. ಶಾಲೆ ಹೊತ್ತಿನಲ್ಲಿ ಎಲ್ಲಿ ಅಡ್ಡಾಡ್ತಿದ್ರಿ?”

ಅಡ್ಡಾಡುವುದು ಎಂಬ ಆ ಒಂದು ಮಾತಿಗೆ ಅವಳ ಮೈಯೆಲ್ಲ ಉರಿಯಿತು. ಹಿರೇಮಾಳದ ಫ್ರಿಜ್ಜು, ಟಿವಿ, ಬೆಂದ ಸೀಸೆಗಳು, ಎಲ್ಲವನ್ನೂ ಅಲ್ಲೇ ನಿಂತು ಹೇಳಿದಳು. ಅದು ನಮ್ಮ ಇಲಾಖೆಯದಲ್ಲ ಎಂದರು ಸಾಹೇಬರು. “ಮಗು ನಿಮ್ಮ ಇಲಾಖೇದೇ ಅಲ್ಲೇನ್ರಿ? ಹಾಜರಿ ಪುಸ್ತಕದಾಗ ಹೆಸರೈತಿ ನೋಡ್ರಿ,” ಎಂದಳು ಅವಳು. ಜೀಪು ಹೊರಟುಹೋಯಿತು. ಎಂಟನೇ ದಿನಕ್ಕೆ ನೋಟೀಸು ಬಂತು.

ಅಷ್ಟರಲ್ಲಿ ಹದಿನಾಲ್ಕನೇ ಗೆರೆ ಬಿದ್ದಾಗಿತ್ತು. ಬಾವು ಇಳಿದು, ಮಾಲಾ ಗೋಡೆ ಹಿಡಿದು ನಡೆಯತೊಡಗಿದ್ದಳು.

ವಿಚಾರಣೆಯ ದಿನ ನಾಗಲಿಂಗಮ್ಮನ ಮುಂದೆ ಟೈಪು ಮಾಡಿದ ಒಂದು ಹಾಳೆ ಇಟ್ಟರು. ಪಠ್ಯವನ್ನು ಬಿಟ್ಟು ಬೇರೆ ವಿಷಯ ಕಲಿಸಿದ್ದು, ಕೆಲಸದ ವೇಳೆ ಹೊರಗಿದ್ದದ್ದು, ಬೇರೆ ಇಲಾಖೆಯ ನೌಕರನೊಡನೆ ಅನುಚಿತವಾಗಿ ನಡೆದುಕೊಂಡದ್ದು ತಪ್ಪಾಯಿತು, ಕ್ಷಮಿಸಬೇಕು ಎಂದಿತ್ತು. ಸಹಿ ಮಾಡಿದರೆ ಇಲ್ಲಿಗೇ ಮುಗಿಯುತ್ತದೆ ಎಂದು ಎದುರು ಕೂತ ಅಧಿಕಾರಿಗಳು ಮೆತ್ತಗೆ ಹೇಳಿದರು. ಪಕ್ಕದಲ್ಲಿ ಗುರುಸಂಗಪ್ಪ, “ಮಾಡಿಬಿಡ್ರಿ ಮೇಡಂ, ಏನು ಗಂಟು ಹೋಗ್ತೈತಿ,” ಎಂದ.

ನಾಗಲಿಂಗಮ್ಮ ಪೆನ್ನು ತೆಗೆದು ಆ ಸಾಲುಗಳನ್ನೆಲ್ಲ ಅಡ್ಡಕ್ಕೆ ಹೊಡೆದಳು. ಕೆಳಗೆ ತನ್ನ ದುಂಡು ಅಕ್ಷರದಲ್ಲಿ ಬರೆದಳು: ‘ಮಗು ಬದುಕಿದೆ. ಔಷಧ ಕೆಡಿಸಿದವರು ಯಾರು ಎಂದು ಇಲ್ಲಿ ಒಬ್ಬರೂ ಕೇಳಲಿಲ್ಲ. ನಾನು ಕೇಳುತ್ತಿದ್ದೇನೆ.’ ಅದರ ಕೆಳಗೆ ಸಹಿ ಮಾಡಿ, ಗುರುಸಂಗಪ್ಪನ ಕಡೆ ತಿರುಗಿ, “ಆವತ್ತು ಅನುಮತಿ ಕೊಟ್ಟಿದ್ದೆ ಅಂತ ಒಂದು ಮಾತು ಹೇಳಿದ್ರ ನಿಮ್ಮ ಗಂಟು ಏನು ಹೋಗ್ತಿತ್ರಿ ಸರ್?” ಎಂದಳು. ಅವನು ಕನ್ನಡಕ ತೆಗೆದು ಒರೆಸಿಕೊಂಡ.

ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಎರಡು ವರ್ಗಾವಣೆಗಳಾದವು. ಕಂಪೌಂಡರನಿಗೆ ಅವನು ಎಷ್ಟೋ ವರ್ಷದಿಂದ ಕೇಳುತ್ತಿದ್ದ, ತನ್ನ ಮನೆಯ ಪಕ್ಕದ ಊರೇ ಸಿಕ್ಕಿತು. ನಾಗಲಿಂಗಮ್ಮನಿಗೆ ಹಡಗಲಿ ತಾಲ್ಲೂಕಿನಲ್ಲಿ, ಹೊಳಲಿನಿಂದಾಚೆಯ ಒಂದು ಹಳ್ಳಿ. ಹಿರೇಮಾಳದ ಆಸ್ಪತ್ರೆಯ ಗೋಡೆಗೆ ಎರಡನೇ ಪ್ಲಗ್ಗು ಬಂತು, ಹೊಸ ಔಷಧವೂ ಬಂತು ಎಂದು ಪಂಪಮ್ಮ ಹೇಳಿ ಕಳಿಸಿದಳು. ಅದನ್ನು ಕೇಳಿ ನಾಗಲಿಂಗಮ್ಮನಿಗೆ ಸಮಾಧಾನವಾಗುವ ಬದಲು ಇನ್ನಷ್ಟು ಸಿಟ್ಟು ಬಂತು. ಒಂದು ಪ್ಲಗ್ಗು. ಅರ್ಧ ದಿನದ ಕೆಲಸ. ಅದಕ್ಕೆ ಒಂದು ಮಗುವಿನ ಹೊಟ್ಟೆಗೆ ಹದಿನಾಲ್ಕು ಸೂಜಿ, ಒಂದು ಊರು ಕೂಡಿ ಓಡುವುದು ಬೇಕಾಯಿತು.

“ಹೋಗ್ಲಿ ಬಿಡವ್ವ, ಕೂಸು ಉಳೀತಲ್ಲ,” ಎಂದ ಜಂಬಣ್ಣ, ಮಂಡಕ್ಕಿಗೆ ಒಗ್ಗರಣೆ ಕಲಸುತ್ತ.

“ಹೆಂಗ ಬಿಡ್ಲಿ ಯಪ್ಪಾ? ನಿನ್ನ ಅಂಗಡಿ ಬಸ್‌ಸ್ಟ್ಯಾಂಡ್ ಮುಂದ ಇತ್ತು, ಕೂಸು ಉಳೀತು. ಇಲ್ಲದವ್ರ ಗತಿ ಏನು?”

ಜಂಬಣ್ಣ ಮಗಳ ಮುಂದೆ ಒಂದು ತಟ್ಟೆ ಮಂಡಕ್ಕಿ ಇಟ್ಟ. ಅವಳು ಅದನ್ನು ಅಷ್ಟೂ ತಿಂದಳು.

ಹೊಸ ಶಾಲೆಗೆ ಅವಳು ಜೂನ್ ಮೊದಲ ವಾರ ಹೋದಳು. ಅಲ್ಲಿನ ಹೆಡ್‌ಮಾಸ್ತರರಿಗೆ ಅವಳ ಸುದ್ದಿ ಮೊದಲೇ ಮುಟ್ಟಿತ್ತು. ಕುರ್ಚಿ ಎಳೆದು ಕೂರಿಸಿ, ಇಲ್ಲಿ ಎಲ್ಲ ನೆಮ್ಮದಿ, ಹೊಂದಿಕೊಂಡು ಹೋದರೆ ಸಾಕು ಎಂದರು. ಅವಳು ಹಾಜರಿ ಪುಸ್ತಕ ಕೇಳಿದಳು. ನಾಲ್ಕನೇ ತರಗತಿಯಲ್ಲಿ ನಲವತ್ತೊಂದು ಹೆಸರು. ಒಳಗೆ ಕೂತವರು ಹದಿನೆಂಟು.

“ಉಳಿದವ್ರು?”

“ಮಲ್ಲಿಗೆ ಸೀಜನ್ ಅಲ್ರಿ. ಮೊಗ್ಗು ಬಿಡಿಸಾಕ ಹೋಗಿರ್ತಾವ. ಮಧ್ಯಾಹ್ನ ಬಂದ್ರ ಬಂದ್ವು. ಇಲ್ಲೆಲ್ಲ ಹಂಗಾ.”

ನಾಗಲಿಂಗಮ್ಮ ಪುಸ್ತಕ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡಳು. “ಯಾವ ಕಡಿ ಅದಾವ್ರಿ ತೋಟ?” ಎಂದು ಕೇಳಿದಳು. ಅವರು ಕೈ ತೋರಿಸಿದ ಕಡೆಗೆ, ಚೀಲವನ್ನು ಮೇಜಿನ ಮೇಲೇ ಬಿಟ್ಟು, ಇಪ್ಪತ್ತಮೂರು ಮಕ್ಕಳ ಹೆಸರನ್ನು ಬಾಯಲ್ಲಿ ಹೇಳಿಕೊಳ್ಳುತ್ತ ಹೊರಟಳು.